ಪಾಲ್, ಪುಲಿ, ಪೆಸರ್

ಆ ಬೆಳಗ್ಗೆ ಜನರಲ್ ಸಾಹೇಬರ ಬಾಯಿಂದ ಹೊರಟ ಮಾತನ್ನು ನಾನು ನಿಜವಾಗಿ ಕೇಳಿದೆನೋ, ಕೇಳಬೇಕೆಂದು ಬಯಸಿದ್ದನ್ನೇ ಕೇಳಿದೆನೋ, ಹೇಳುವುದು ಕಷ್ಟ. ನಮ್ಮಿಬ್ಬರ ನಡುವೆ ಒಂದು ಸೋಫಾ ಇತ್ತು, ತಲೆಯ ಮೇಲೆ ಗಡಗಡ ಫ್ಯಾನು. ಮಾಂಬಲಂ ಸ್ಟೇಷನ್ನಿಗೆ ರೈಲೂ ಬಂತೆಂದು ನೆನಪು, ಅದರಲ್ಲೂ ಅನುಮಾನವಿದೆ. ಭಾಷಾಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ ನಾನು ಗಳಿಸಿದ್ದೆಂದರೆ ನನ್ನ ಕಿವಿಯನ್ನೇ ನಂಬದಿರುವ ಚಟ.

ವೆಸ್ಟ್ ಮಾಂಬಲಂನಲ್ಲಿ ಅವರ ಫ್ಲಾಟಿನ ಕೆಳಗೇ ನನ್ನದು. ಗುಡ್ಡಗಾಡಿನ ಯುದ್ಧವೊಂದರಲ್ಲಿ ಸೈನ್ಯ ನಡೆಸಿದವರು ಅವರು. ಕೊನೆಯ ಪೋಸ್ಟಿಂಗ್ ಈ ತಮಿಳರ ಊರಿನಲ್ಲಾಗಿ ಇಲ್ಲೇ ಉಳಿದು, ವೀರಗಲ್ಲುಗಳ ಶಾಸನ ಓದುತ್ತ ಕೂತರು. ಯುದ್ಧಕ್ಕೂ ಟ್ರಂಕಿನಲ್ಲಿ ಹಳಗನ್ನಡ ವ್ಯಾಕರಣ ಒಯ್ದಿದ್ದೆ ಎನ್ನುತ್ತಿದ್ದರು, ನಾನು ನಂಬುತ್ತಿರಲಿಲ್ಲ. ಯುದ್ಧದ ಬಗ್ಗೆ ಏನು ಕೇಳಿದರೂ ಮಾತು ಕಲ್ಲಿನ ಕಡೆಗೇ ತಿರುಗುತ್ತಿತ್ತು: ರಾಜನ ಹೆಸರು ಅಳಿಸಿಹೋಗಿದೆ, ದನ ಬಿಡಿಸಿ ತರಲು ಹೋಗಿ ಸತ್ತವನ ಹೆಸರು ಮಾತ್ರ ಉಳಿದಿದೆ, ನೋಡಿ. ನಾನು ಅವರ ಪ್ರತಿ ಓದಿಗೂ ತಕರಾರು ತೆಗೆಯುತ್ತಿದ್ದೆ.

"ಮಾಸ್ತರ, ಸಂಶಯ ಬಿಟ್ಟರ ನಿಮ್ಮ ಕಡೆ ಬ್ಯಾರೆ ಹತ್ಯಾರ ಇಲ್ಲೇನ್ರಿ?" ಎಂದು ಅವರು ಕಾಲೆಳೆಯುತ್ತಿದ್ದರು.

ಕಳೆದ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆದು, ಬಲಗೈಯ ಜೊತೆ ಮಾತೂ ಹೋಯಿತು. ಮಾತು ಕಲಿಸಲು ಮನೆಗೆ ಬರುತ್ತಿದ್ದ ಥೆರಪಿಸ್ಟ್ ತಮಿಳಿನವಳು. ಚಿತ್ರದ ಕಾರ್ಡು ಹಿಡಿದು ಕೇಳುವಳು, ಕಾಯುವಳು. ಕೆಲವು ವಾರಗಳಾದ ಮೇಲೆ ಹಾಲಿನ ಚಿತ್ರ ನೋಡಿ ಅವರು 'ಪಾಲ್' ಅಂದರು. ಹುಲಿಗೆ 'ಪುಲಿ' ಅಂದರು. ಅವಳಿಗೆ ಬಹಳ ಖುಷಿಯಾಯಿತು. ಇವರಲ್ಲಿ ತಮಿಳು ಉಳಿದಿದೆ, ಇನ್ನು ಮನೆಯಲ್ಲಿ ಎಲ್ಲರೂ ತಮಿಳೊಂದನ್ನೇ ಆಡಿ, ಎರಡು ಭಾಷೆ ಬೆರೆಸಿದರೆ ಗೊಂದಲವಾಗುತ್ತದೆ ಎಂದಳು.

ಧಾರವಾಡದವರಾದ ಅವರ ಹೆಂಡತಿಗೆ ಬರುತ್ತಿದ್ದುದು ತರಕಾರಿ ಕೊಳ್ಳುವಷ್ಟು ತಮಿಳು. ಅಂದೇ ಮೆಟ್ಟಿಲಿಳಿದು ನಮ್ಮ ಮನೆಗೆ ಬಂದರು.

"ಐವತ್ತು ವರ್ಷ ಇವರ ಕೂಡ ಕನ್ನಡದಾಗ ಜಗಳಾ ಮಾಡೀನಿ, ಮಾಸ್ತರ. ಈಗ ಈ ಬದನಿಕಾಯಿ ತಮಿಳಿನಾಗ ಏನ ಮಾತಾಡ್ಲಿ? ಅದು ಖರೇನ ತಮಿಳೇನು, ನೀವರೆ ಹೇಳ್ರಿ."

ಹಾಲು, ಹುಲಿ ಹಳಗನ್ನಡದಲ್ಲೂ ಪಾಲ್, ಪುಲಿಗಳೇ. ಅವರ ತಲೆ ವರ್ಷಗಟ್ಟಲೆ ಅದರಲ್ಲೇ ಮುಳುಗಿತ್ತು. ಆದರೆ ಅಷ್ಟೇ ವರ್ಷ ಈ ಬೀದಿಯ ಅಂಗಡಿಗಳಲ್ಲಿ ತಮಿಳೂ ಆಡಿದ್ದರು. ಎರಡೂ ಇರಬಹುದು ಎಂದೆ.

"'ಇರಬಹುದು' ತಗೊಂಡು ನಾ ಏನ ಮಾಡ್ಲಿ?" ಎಂದರು ಆಕೆ.

ಹಳಗನ್ನಡದಲ್ಲೂ ತಮಿಳಿನಲ್ಲೂ ಬೇರೆಬೇರೆಯಾಗಿರುವ ಒಂದು ಪದ ಬೇಕಾಗಿತ್ತು, ಅದೂ ನಾವು ಹೇಳಿಸದೆ ತಾನಾಗಿ ಬರಬೇಕಿತ್ತು. ಥೆರಪಿಸ್ಟ್ ಬಂದಾಗಲೆಲ್ಲ ನಾನೂ ಮೇಲೆ ಹೋಗತೊಡಗಿದೆ. ಕೂತಲ್ಲಿ ಕೂರಲಾಗದೆ ಸೋಫಾದ ಹಿಂದೆ ಅಡ್ಡಾಡಿ ಅವಳಿಂದ ಬೈಸಿಕೊಂಡೆ.

ಆ ಬೆಳಗ್ಗೆ ಜನರಲ್ ಸಾಹೇಬರು ಕಾರ್ಡುಗಳನ್ನು ಪಕ್ಕಕ್ಕೆ ಸರಿಸಿ ಎಡಗೈಯಿಂದ ಗೋಡೆ ತೋರಿಸಿದರು. ಯುದ್ಧಕ್ಕೆ ಮೊದಲು ಒಂದು ತುಕಡಿಯ ಜೊತೆ ನಿಂತು ತೆಗೆಸಿಕೊಂಡ ಫೋಟೊ ಅಲ್ಲಿತ್ತು. ಹೆಂಡತಿ ಅದನ್ನಿಳಿಸಿ ಅವರ ತೊಡೆಯ ಮೇಲಿಟ್ಟರು. ಹಿಂದಿನ ಸಾಲಿನ ತುದಿಯಲ್ಲಿದ್ದ ಸಿಪಾಯಿಯ ಮುಖದ ಮೇಲೆ ಬೆರಳಿಟ್ಟು, ತುಟಿ ಬಹಳ ಹೊತ್ತು ಒದ್ದಾಡಿ, ಅವರು ಕೇಳಿದರು: "ಪೆಸರ್?"

ಹೆಂಡತಿ ತಡವರಿಸದೆ ಆ ಹೆಸರು ಹೇಳಿದರು. ಯುದ್ಧದಿಂದ ವಾಪಸಾಗದವನ ಹೆಸರು ಅದು. ಬೆರಳು ಪಕ್ಕದವನ ಮೇಲೆ ಹೋಯಿತು. ಆ ಹೆಸರನ್ನೂ ಹೇಳಿದರು. ಹೀಗೆ ಆ ಸಾಲು ಪೂರ್ತಿ ಮುಗಿಯಿತು. ಇಷ್ಟು ವರ್ಷ ಅವರು ನಮ್ಮೊಡನೆ ಆಡದ ಯುದ್ಧವೆಲ್ಲ ಈಕೆಗೆ ಬಾಯಿಪಾಠವಾಗಿತ್ತೆಂದು ನನಗೆ ಆಗ ಗೊತ್ತಾಯಿತು.

ತಮಿಳಾಗಿದ್ದರೆ 'ಪೆಯರ್' ಆಗಬೇಕು, ಬೀದಿಯ ಮಾತಿನಲ್ಲಿ 'ಪೇರು'. ನಡುವಿನ ಆ 'ಸ' ಕನ್ನಡದ್ದು, ನಮ್ಮ 'ಹೆಸರು' ಹಳಗನ್ನಡದಲ್ಲಿ 'ಪೆಸರ್'. ನಾನು ಇದನ್ನು ಹೇಳಿದ ದಿನದಿಂದ ಆ ಮನೆಯಲ್ಲಿ ಕನ್ನಡವೇ ನಡೆಯಿತು. ಈಗ ಅವರು 'ಹಾಲು' ಎನ್ನುತ್ತಾರೆ. ಉಪ್ಪು ಕಡಿಮೆಯೆಂದು ತಟ್ಟೆ ಸರಿಸಿ ಬೈಸಿಕೊಳ್ಳುತ್ತಾರೆ, 'ಸಾಕು' ಎಂದು ಎದುರಾಡುತ್ತಾರೆ. ಹೋದ ವಾರ ನಾನು ಒಂದು ಶಾಸನದ ಸಾಲು ಓದುತ್ತಿದ್ದಾಗ ಸ್ಪಷ್ಟವಾಗಿ 'ತಪ್ಪು' ಅಂದರು. ತಪ್ಪೇ ಆಗಿತ್ತು.

ಇಷ್ಟಾದರೂ ನನಗೆ ನೆಮ್ಮದಿಯಿರಲಿಲ್ಲ. ಒಬ್ಬರ ಚಿಕಿತ್ಸೆಯ ದಾರಿಯನ್ನು ಬರೀ ನನ್ನ ಕಿವಿಯ ಮೇಲೆ ತಿರುಗಿಸಿದ್ದೆನಲ್ಲ. ಮೊನ್ನೆ ಥೆರಪಿಸ್ಟ್ ಮಾಂಬಲಂ ಸ್ಟೇಷನ್ನಿನ ಮೆಟ್ಟಿಲ ಮೇಲೆ ಸಿಕ್ಕಳು. ಪದದ ಸುಳಿವು ಕೊಡದೆ, ಫೋಟೊ ತೋರಿಸಿದ ದಿನ ಅವರು ಅಂದದ್ದು ಏನು ಎಂದು ಮಾತ್ರ ಕೇಳಿದೆ. ಹಳಗನ್ನಡದ ಗಂಧವೂ ಇಲ್ಲದ ಅವಳು ನೆನಪಿಟ್ಟುಕೊಂಡಿದ್ದಳು, ಅದನ್ನು ಉಚ್ಚಾರದ ತಪ್ಪೆಂದು ತಿಳಿದು.

"ಪೆಯರ್‌ನು ಸೊಲ್ಲಲ ಸಾರ್," ಎಂದು ತಲೆಯಾಡಿಸಿದಳು, ಹಾಗೆ ಅನ್ನಲಿಲ್ಲವೆಂದು. "ಪೆಸರ್‌ನು ಸೊನ್ನಾರು."