ನಮ್ಮಣ್ಣನ ಬಿಳಿ ಗೋಡೆ

ಮದ್ದೂರಿನ ನಮ್ಮ ಅಂಗಡಿಯ ಪಡುವಣ ಗೋಡೆಗೆ ಯಾರೂ ಒರಗುವಂತಿರಲಿಲ್ಲ. ಅದರ ಮೇಲೆ ಕ್ಯಾಲೆಂಡರ್ ಇಲ್ಲ, ದೇವರ ಪಟ ಇಲ್ಲ, ಒಂದು ಮೊಳೆ ಕೂಡ ಇಲ್ಲ. ಹಬ್ಬಕ್ಕೆ ಮನೆಗೆ ಸುಣ್ಣ ತಪ್ಪಿದರೂ ಆ ಗೋಡೆಗೆ ತಪ್ಪುತ್ತಿರಲಿಲ್ಲ. ಒಮ್ಮೆ ನಮ್ಮ ಸೋದರಮಾವ ಬೆನ್ನು ಊರಿದ್ದಕ್ಕೆ ಅಣ್ಣ ಶಿವಲಿಂಗ ಕೂಗಿದ್ದು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತ್ತು. "ಎದ್ದೇಳು ಮಾವ! ಅದು ಗ್ವಾಡೆ ಅಲ್ಲ, ಕೋರ್ಟು!"

ಅಂಗಡಿಯ ಅರ್ಧ ಅಣ್ಣನ ಕ್ಯಾಮೆರಾ ರಿಪೇರಿಗೆ, ಇನ್ನರ್ಧ ನನ್ನ ಹೊಲಿಗೆ ಮಿಷನ್‌ಗೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅವನು ಎಂಟಕ್ಕೆ. ಹಾಗಾಗಿ ನಮ್ಮ ಮನೆಯ ವಿದ್ವಾಂಸ ಅವನೇ. ಫೋನಿನಲ್ಲಿ ಕನ್ನಡ ಫೋಟೋಗ್ರಾಫರುಗಳದೊಂದು ಗುಂಪಿತ್ತು. ಅಲ್ಲಿ ದಿನವೂ ಒಂದೇ ಅಳು: ಹೊಸ ಕ್ಯಾಮೆರಾ, ಸೆನ್ಸರ್ ಹಾಳು, ಕಂಪನಿ ಮೋಸ. ಸೆನ್ಸರ್ ಎಂದರೆ ಕ್ಯಾಮೆರಾದೊಳಗೆ ಚಿತ್ರ ಬಂದು ಬೀಳುವ ಪುಟ್ಟ ಫಲಕ, ಮೇಲೊಂದು ತೆಳು ಗಾಜು. ಆ ದೂರುಗಳಿಗೆ ನಮ್ಮಣ್ಣ ನ್ಯಾಯಾಧೀಶ. ನೇಮಿಸಿದವರು ಯಾರು ಎಂದು ಕೇಳಬೇಡಿ.

ಯಾರೇ ಅತ್ತರೂ ಅವನದು ಅದೇ ಮೂರು ಮಾತು. "ಬೆಳ್ಳನ್ ಗ್ವಾಡೆ ಫೋಟೋ ತೆಗ್ದು ಆಕು. ಕೊನೇಲ್ ಮುಟ್ದೋರ್ಯಾರು? ಯಾವ ಬಟ್ಟೇಲ್ ಒರೆಸ್ದೆ?"

ಪ್ರತಿ ಫೋಟೋದಲ್ಲೂ ಕಲೆ ಅದೇ ಜಾಗದಲ್ಲಿ ನಿಂತಿದ್ದರೆ ಅದು ಸೆನ್ಸರಿನದು, ಓಡಾಡಿದರೆ ಮನುಷ್ಯನದು ಎಂಬುದು ಅವನ ಶಾಸ್ತ್ರ. ಅಂಗಡಿಗೆ ಬಂದ ಕ್ಯಾಮೆರಾಗಳ ವಿಚಾರಣೆ ನಮ್ಮ ಪಡುವಣ ಗೋಡೆಯ ಮುಂದೆ. ಜನ ಪಾಪ ತಮ್ಮ ಮನೆ ಗೋಡೆಗಳನ್ನೆಲ್ಲ ತೆಗೆದು ಹಾಕುತ್ತಿದ್ದರು. ಮಂಡ್ಯದ ಒಬ್ಬ ಸಾಹೇಬರಿಗೆ ಬಂದ ತೀರ್ಪು ಇದು: "ಸ್ವಾಮಿ, ಕ್ಯಾಮ್ರಾ ಸಂದಾಗದೆ. ನಿಮ್ ಗ್ವಾಡೆಗೆ ಗಾರೆ ಮೇಸ್ತ್ರಿ ಬೇಕು."

ಇನ್ನೊಬ್ಬರು ಕೊಕ್ಕರೆ ಬೆಳ್ಳೂರಿಗೆ ಹೋಗಿ, ಒನಕೆಯುದ್ದದ ಲೆನ್ಸಿನಲ್ಲಿ ಕೊಕ್ಕರೆ ಹಿಡಿದು, ಆಕಾಶದಲ್ಲಿ ಕಪ್ಪು ಚುಕ್ಕೆ ಬಂದಿದೆ ಎಂದು ಕಂಪನಿಯ ವಂಶವನ್ನೆಲ್ಲ ಜಾಲಾಡಿದ್ದರು. ಅಣ್ಣ ಅವರ ಮೂರು ಫೋಟೋಗಳನ್ನೂ ಹಿಗ್ಗಿಸಿ ನೋಡಿದ. "ರೆಕ್ಕೆ ಬಡಿಯೋ ಧೂಳ ನಾನ್ ಎಲ್ಲೂ ಕಂಡಿಲ್ಲ ಕಣಪ್ಪ. ಅದು ಅದ್ದು! ಕೊಕ್ಕರೆ ನೋಡಕ್ಕೋಗಿ ಅದ್ದಿನ್ ಮ್ಯಾಲೆ ಕಂಪ್ಲೇಂಟ್ ಕೊಟ್ಟಿದ್ದೀಯಲ್ಲ, ಅದೇನ್ ಪಾಪ ಮಾಡಿತ್ತು?" ನಮ್ಮಣ್ಣನ ಬಾಯಲ್ಲಿ ಹದ್ದು ಯಾವತ್ತೂ ಅದ್ದೇ.

ಇಷ್ಟು ನಕ್ಕ ಮೇಲೆ ನನ್ನ ಪಾಪಕ್ಕೆ ಬರಬೇಕು.

ಮಳವಳ್ಳಿಯ ಮಾದೇಶ ಮದುವೆ ಫೋಟೋ ತೆಗೆಯುವವನು. ಅವನ ಕ್ಯಾಮೆರಾ ಶುಚಿಗೆ ಬಂದಿತ್ತು. ಅಣ್ಣ ಶುಚಿ ಮಾಡಿ, ಗೋಡೆಗೆ ಹಿಡಿದು ನೋಡಿ, ಲೆನ್ಸ್ ಕಳಚಿ ಮುಚ್ಚಳ ಮಾತ್ರ ಮುಚ್ಚಿ, ಏನೋ ಸಾಮಾನಿಗೆಂದು ಮಂಡ್ಯಕ್ಕೆ ಹೊರಟ. "ಅದ್ರತ್ರ ಉಸ್ರೂ ಬುಡ್ಬೇಡ ಕಣಮ್ಮಿ" ಎಂದು ಹೇಳಿಯೇ ಹೋದ. ನಮ್ಮಣ್ಣನಿಗೆ ಇಷ್ಟು ದೊಡ್ಡ ಪದವಿ ಕೊಟ್ಟ ಆ ಸೆನ್ಸರ್ ಹೇಗಿದೆ ನೋಡೋಣವೆಂದು ನಾನು ಮುಚ್ಚಳ ತೆಗೆದೆ. ನನ್ನ ಕಡೆಯಿಂದಲೇ ಹಾರಿದ ದಾರದ ನವಿರೊಂದು ಒಳಗೆ ಬಿತ್ತು. ಅಂಗಡಿಯಲ್ಲಿದ್ದ ಅತಿ ಮೆತ್ತನೆಯ ಬಟ್ಟೆ ಹುಡುಕಿ ಒರೆಸಿದೆ. ಯಾರದೋ ಮದುವೆ ರವಿಕೆ ಹೊಲಿದು ಮಿಕ್ಕ ವೆಲ್ವೆಟ್ ತುಂಡು ಅದು. ಎಂಥ ಜಾಣೆ ನೋಡಿ. ಮುಚ್ಚಳ ಮೊದಲಿನಂತೆ ಮುಚ್ಚಿಟ್ಟೆ, ಅಣ್ಣ ಬಂದು ಹಾಗೆಯೇ ಮಾದೇಶನಿಗೆ ಕೊಟ್ಟ.

ವಾರದೊಳಗೆ ಗುಂಪಿನಲ್ಲಿ ಮಾದೇಶನ ದೂರು ಬಂತು. ಅವನು ತೆಗೆದ ಮದುಮಗಳ ಹಣೆಯ ಮೇಲೆ ಕೂದಲೆಳೆಯಂಥ ಡೊಂಕು ಗೀರು. ಎಲ್ಲ ಫೋಟೋದಲ್ಲೂ ಅದೇ ಜಾಗ. "ಊರಿಗೆಲ್ಲ ನ್ಯಾಯ ಹೇಳುವವರ ಕೈಕೆಲಸ" ಎಂದು ಬರೆದಿದ್ದ. ಗೋಡೆ ಬೈಸಿಕೊಂಡವರು, ಹದ್ದಿನವರು, ಎಲ್ಲರೂ ಅವತ್ತು ಹಬ್ಬ ಮಾಡಿದರು.

ಅಣ್ಣ ಮಾದೇಶನನ್ನೂ ಬಿಳಿ ಗೋಡೆಯ ಫೋಟೋ ಕೇಳಿದ. ಬಂತು. ಕನ್ನಡಕ ಹಾಕಿ ಬಹಳ ಹೊತ್ತು ನೋಡಿದ. "ದೂರು ನಿಜ" ಎಂದ. "ತಪ್ಪು ನನ್ನದು, ತನ್ನಿ, ಬೇರೆ ಗಾಜು ಹಾಕಿಕೊಡುತ್ತೇನೆ" ಎಂದು ಬರೆದು, ಗುಂಪಿನಿಂದಲೇ ಎದ್ದುಹೋದ. ನಾನು ಅತ್ತ ತಿರುಗಿ ಜೋರಾಗಿ ಮಿಷನ್ ತುಳಿಯುತ್ತಿದ್ದೆ. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.

ಗಾಜು ಬದಲಿಸುವ ದಿನ ಅವನು ಒಳಮೂಲೆಯಿಂದ ಚಿಮಟದಲ್ಲಿ ಏನನ್ನೋ ಎತ್ತಿದ. ಬೆಳಕಿಗೆ ಹಿಡಿದಾಗ ಹೊಳೆಯಿತು. ಜರಿಯ ಎಳೆ. ಅದನ್ನು ನೋಡಿದ, ನನ್ನ ಚಿಂದಿಬುಟ್ಟಿ ನೋಡಿದ, ಉಫ್ ಎಂದು ಊದಿಬಿಟ್ಟ.

"ಟೀ ತತ್ತೀಯೇನಮ್ಮಿ?" ಎಂದ. ಅಷ್ಟೇ.

ಅವತ್ತಿನಿಂದ ಅವನು ಯಾರ ದೂರಿಗೂ ನ್ಯಾಯ ಹೇಳಲಿಲ್ಲ. ಜನ ಅಂಗಡಿಗೆ ಬಂದು ಕೇಳಿದರೂ "ನಂಗೇನ್ ಗೊತ್ತು ಬುಡಿ" ಎನ್ನುತ್ತಿದ್ದ. ಹದ್ದಿನ ಮೇಲೆ ದೂರು ಕೊಟ್ಟವರೆಲ್ಲ ಈಗ ಗುಂಪಿನಲ್ಲಿ ಪಂಡಿತರಾಗಿದ್ದರು. ನಾನು ಟೀ ತರುತ್ತಲೇ ಇದ್ದೆ.

ಕಳೆದ ಚಳಿಗಾಲ ಎದೆನೋವೆಂದು ಅವನನ್ನು ಮಂಡ್ಯದ ಆಸ್ಪತ್ರೆಗೆ ಸೇರಿಸಿದೆವು. ಇವತ್ತು ಹೇಳಿಯೇಬಿಡೋಣ ಎಂದು ಹಾಸಿಗೆಯ ಪಕ್ಕ ಕೂತೆ.

"ಅಣ್ಣ, ಆ ಮಳವಳ್ಳಿ ಕ್ಯಾಮ್ರಾ..."

"ಗ್ವಾಡೆಗೆ ಸುಣ್ಣ ಒಡ್ಸಿದ್ಯಾ?"

"ಊಂ" ಎಂದೆ. ಹೊಡೆಸಿರಲಿಲ್ಲ. ನಮ್ಮ ಕೊನೆಯ ಮಾತೂ ನನ್ನ ಸುಳ್ಳೇ ಆಯಿತು.

ತಿಥಿಗೆ ಮಾದೇಶ ಬಂದಿದ್ದ. "ತಪ್ಪ ಒಪ್ಕೊಳೋ ಅಂಥ ಮನ್ಸ ಇನ್ ಸಿಕ್ಕಲ್ಲ ಕಣಕ್ಕ" ಎಂದು ಕಣ್ಣೊರೆಸಿಕೊಂಡ. ನಾನು ಅವನಿಗೆ ಇನ್ನೊಂದು ವಡೆ ಬಡಿಸಿದೆ.

ಮೊನ್ನೆ ಗೋಡೆಗೆ ಸುಣ್ಣ ಹೊಡೆಸಿದೆ. ಊರವರನ್ನೆಲ್ಲ ಕೇಳಿದ ಪ್ರಶ್ನೆಯನ್ನು ಅಣ್ಣ ನನ್ನೊಬ್ಬಳನ್ನು ಕೇಳಲಿಲ್ಲ. ಕೇಳದಿದ್ದರೂ ಉತ್ತರ ಬರೆಯುತ್ತಿದ್ದೇನೆ. ಇದನ್ನು ಮೊದಲು ಮಾದೇಶನಿಗೆ ಕಳಿಸುತ್ತೇನೆ. ಕೊನೆಯಲ್ಲಿ ಮುಟ್ಟಿದವಳು ನಾನು. ಬಟ್ಟೆ ಮೆರೂನ್ ವೆಲ್ವೆಟ್ಟು. ಅಂಚಿನಲ್ಲಿ ಜರಿ ಇತ್ತು, ನೋಡಿರಲಿಲ್ಲ.