ಸಿಟ್ಟು ಕಿವಿಗೆ ಏರುವ ಮೊದಲು

ಖಾನಾಪುರದ ಶಾಲೆಯಲ್ಲಿ ನನಗೆ ನೌಕರಿ ಸಿಕ್ಕು ಆಗಿನ್ನೂ ಎರಡನೆಯ ವರ್ಷ. ಬೆಳಗಾವಿಯ ರಾಮತೀರ್ಥ ನಗರದಿಂದ ದಿನಾ ಎರಡು ಬಸ್ಸು ಹತ್ತಿ ಹೋಗುತ್ತಿದ್ದೆ. ಆ ವರ್ಷ ನನ್ನ ಐದನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು. ಲೆಕ್ಕದಲ್ಲಿ ಚುರುಕು, ಓಡಿದರೆ ಯಾರ ಕೈಗೂ ಸಿಗದವಳು. ಆದರೆ ಸಿಟ್ಟು ಬಂತೆಂದರೆ ಮುಗಿಯಿತು, ಎದುರಿಗೆ ಯಾರಿದ್ದಾರೆ ಎಂಬುದೂ ಅವಳಿಗೆ ಕಾಣುತ್ತಿರಲಿಲ್ಲ.

ಒಂದು ದಿನ ಪಕ್ಕದವಳು ತಮಾಷೆಗೆಂದು ಅವಳ ಕಂಪಾಸ್ ಪೆಟ್ಟಿಗೆ ಬಚ್ಚಿಟ್ಟಳು. ಮರುಗಳಿಗೆಯಲ್ಲಿ ಬೆಂಚು ಉರುಳಿ ಬಿತ್ತು. ಬಿಡಿಸಲು ಹೋದ ನನ್ನ ಮುಂಗೈಯನ್ನು ಹಲ್ಲಿನ ಗುರುತು ಮೂಡುವಂತೆ ಕಚ್ಚಿದಳು.

ಹೆಡ್ಮಾಸ್ತರರು ನನ್ನ ಕೈ ನೋಡಿ, "ಅಕ್ಕಾರ, ಸಾಕಾತು. ಶಾಲಿ ಬಿಟ್ಟ ದಾಖ್ಲಿ ಕೊಟ್ಟ ಮನಿಗೆ ಕಳಿಸಿಬಿಡೂಣು," ಅಂದರು.

"ಒಂದ ತಿಂಗಳ ತಡೀರಿ ಸರ," ಅಂದೆ. ಹಾಗೆ ಅಂದಾಗ ನನ್ನ ತಲೆಯಲ್ಲಿ ಯಾವ ಉಪಾಯವೂ ಇರಲಿಲ್ಲ.

ಸಂಜೆ ಶಾಲೆ ಬಿಟ್ಟ ಮೇಲೆ ಅವಳನ್ನು ಪಡಸಾಲೆಯಲ್ಲಿ ಕೂರಿಸಿಕೊಂಡೆ. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದ್ದಳು. ಏನು ಹೇಳಬೇಕೆಂದು ತೋಚದೆ ಸುಮ್ಮನೆ ಕೇಳಿದೆ: "ಸಿಟ್ಟು ಎಲ್ಲಿಂದ ಬರತೈತಿ ನಿಂಗ?"

ಅವಳು ತಲೆ ಎತ್ತಿದಳು. ಹೊಟ್ಟೆಯ ಮೇಲೆ ಕೈ ಇಟ್ಟಳು. "ಇಲ್ಲಿಂದ್ರಿ. ಆಮ್ಯಾಲ ಎದಿಗೆ ಬರತೈತಿ, ಆಮ್ಯಾಲ ಗಂಟಲಿಗೆ. ಕಿವಿಗೆ ಬಂತಂದ್ರ ನಂಗ ಏನೂ ಕೇಳ್ಸೂದಿಲ್ರಿ."

ಮಕ್ಕಳ ಮನಸ್ಸಿನ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾದವಳು ನಾನು. ಯಾವ ಮಗುವನ್ನೂ ಇದೊಂದು ಮಾತು ಕೇಳಿರಲಿಲ್ಲ!

"ಹಂಗಾರ ಕಿವಿಗೆ ಬರೂದರೊಳಗ ನಂಗ ತೋರಿಸ್ತಿ ಏನು? ಎಲ್ಲೀತನಕ ಬಂದೈತೋ ಅಲ್ಲಿ ಕೈ ಇಡು. ಕೇಳೂದೇನ ಬ್ಯಾಡ, ಎದ್ದು ಹೊರಗ ಹೋಗು. ಬೋರಿಂಗ್ ಹೊಡದು ಒಂದ ಕೊಡ ನೀರ ತುಂಬಿಸಿ ಬಾ."

ಅಂದು ಬಸ್ಸಿನಲ್ಲಿ ಸೀಟು ಸಿಕ್ಕಿದ್ದರೂ ಕೂತಿರಲಾಗಲಿಲ್ಲ. ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಯಜಮಾನರಿಗೆ ಎಲ್ಲ ಹೇಳಿದೆ.

ಮೊದಲ ವಾರ ಎರಡು ಸಲ ತಪ್ಪಿತು, ಒಂದು ಸ್ಲೇಟು ಒಡೆಯಿತು. ಎರಡನೆಯ ವಾರ, ಭೂಗೋಳದ ಪಾಠದ ನಡುವೆ, ಅವಳು ಎದೆಯ ಮೇಲೆ ಕೈ ಇಟ್ಟುಕೊಂಡು ಎದ್ದು ನಿಂತಳು. ಸರಸರ ಹೊರಗೆ ಹೋದಳು. ಬೋರಿಂಗಿನ ಕೈಪಂಪಿನ ಕಿರ್ರ್ ಸದ್ದು ಇಡೀ ಶಾಲೆಗೆ ಕೇಳಿತು. ತುಂಬಿದ ಕೊಡ ತಂದಿಟ್ಟು, ಉಸಿರು ಬಿಟ್ಟು, ತನ್ನ ಜಾಗದಲ್ಲಿ ಕೂತಳು. ನಾನು ಕಪ್ಪುಹಲಗೆಯ ಕಡೆ ತಿರುಗಿ ಹಲ್ಲು ಕಚ್ಚಿ ನಗು ತಡೆದುಕೊಂಡೆ. ಮರುದಿನದಿಂದ ಇಡೀ ವರ್ಗಕ್ಕೇ ಅದರ ಹುಚ್ಚು. "ಅಕ್ಕಾರ, ನಂದು ಗಂಟಲಿಗೆ ಬಂತ್ರಿ!" ಎಂದು ನಾಲ್ಕು ಜನ ಒಟ್ಟಿಗೇ ಎದ್ದರೆ ಯಾರದು ಸಿಟ್ಟು, ಯಾರದು ಸುಳ್ಳು ಎಂದು ಹುಡುಕುವುದೇ ನನ್ನ ಕೆಲಸವಾಯಿತು. ನೀರಿಗಂತೂ ಕೊರತೆ ಇರಲಿಲ್ಲ.

ಒಂದು ಶನಿವಾರ ಅವಳ ಮನೆಗೆ ಹೋದೆ. ತಾಯಿ ಚಾಪೆ ಹಾಸಿ, "ಕುಂದರ್ರಿ ಅಕ್ಕಾರ," ಎಂದು ಚಹಾ ಕೊಟ್ಟಳು.

"ಮನ್ಯಾಗ ಚೀರಾಡಿದ್ರ ಏನ ಮಾಡ್ತೀರಿ?"

"ನಾಕ ಏಟ ಹಾಕ್ತೀನ್ರಿ. ಖರೇ ಹೇಳ್ಬೇಕಂದ್ರ, ಅದಕ್ಕೂ ಸುಮ್ಮನಾಗೂದಿಲ್ಲ."

"ನಿಮಗ ಸಿಟ್ಟು ಎಲ್ಲಿಂದ ಬರತೈತ್ರಿ?"

ಅವಳು ಜೋರಾಗಿ ನಕ್ಕಳು. ಇದೆಂಥ ಪ್ರಶ್ನೆ ಎಂಬಂತೆ ಮಗಳ ಕಡೆ ನೋಡಿದಳು. ಆಮೇಲೆ ನಗು ನಿಂತಿತು. ತನ್ನ ಬಲಗೈಯನ್ನು ಮುಂದೆ ಹಿಡಿದು ನೋಡಿಕೊಂಡು ಮೆಲ್ಲಗೆ, "ಕೈಯಾಗ್ರಿ," ಅಂದಳು.

ಮಗಳು ತಾಯಿಯ ಆ ಕೈಯನ್ನೇ ನೋಡುತ್ತಿದ್ದಳು. ಮುಂದಿನ ವಾರ ಶಾಲೆಗೆ ಬಂದವಳು ಓಡುತ್ತ ಬಂದು ವರದಿ ಒಪ್ಪಿಸಿದಳು: "ಅಕ್ಕಾರ, ನಿನ್ನಿ ಅವ್ವಗ ಕೈಗೆ ಬಂದಿತ್ರಿ! ಎಮ್ಮಿ ಮೈ ತಿಕ್ಕಾಕ ಹೋದ್ಳು. ಎಮ್ಮಿ ಎಷ್ಟ ಚಂದ ಆಗೇತಿ!"

ಡಿಸೆಂಬರಿನಲ್ಲಿ ನಮ್ಮ ಹುಡುಗಿಯರ ಖೋಖೋ ತಂಡ ಬೆಳಗಾವಿಯ ಆಟಕ್ಕೆ ಆಯ್ಕೆಯಾಯಿತು. ಅವಳಿಲ್ಲದೆ ತಂಡವೇ ಇಲ್ಲ. "ಅಲ್ಲಿ ಯಾರನ್ನರ ಕಚ್ಚಿದ್ರ ಜವಾಬ್ದಾರಿ ನಿಮ್ದು," ಎಂದು ಹೆಡ್ಮಾಸ್ತರರು ನನ್ನನ್ನೇ ಜೊತೆಗೆ ಕಳಿಸಿದರು.

ಕೊನೆಯ ಪಾಳಿಯಲ್ಲಿ ಅವಳು ಮೀನಿನಂತೆ ನುಣುಚಿಕೊಳ್ಳುತ್ತ ಓಡುತ್ತಿದ್ದಳು. ನಾನು ಗೆರೆಯಾಚೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಅಷ್ಟರಲ್ಲಿ ಅಂಪೈರ್ ಸೀಟಿ ಊದಿದರು. ಔಟ್. ಎದುರಿನ ಹುಡುಗಿಯ ಕೈ ಅವಳನ್ನು ಮುಟ್ಟಿರಲಿಲ್ಲ, ನಾನು ಕಣ್ಣಾರೆ ನೋಡಿದ್ದೆ. ಅವಳು ಅಂಪೈರ್ ಮುಂದೆ ಮುಷ್ಟಿ ಬಿಗಿದು ನಿಂತಳು. ಕೈ ಮೆಲ್ಲಗೆ ಮೇಲೆ ಬಂದು ಗಂಟಲನ್ನು ಮುಟ್ಟಿತು. ನನ್ನತ್ತ ನೋಡಿದಳು. ಅಲ್ಲಿ ಬೋರಿಂಗ್ ಇರಲಿಲ್ಲ!

ನಾನು ಏನಾದರೂ ಹೇಳುವ ಮೊದಲೇ ಅವಳು ಮೈದಾನದ ಅಂಚಿಗೆ ಓಡಿದಳು. ಕಂಪೌಂಡ್ ಗೋಡೆಗೆ ಎರಡೂ ಕೈ ಹಚ್ಚಿ, ಅದನ್ನು ಆಚೆ ಓಣಿಗೆ ಸರಿಸಿಯೇ ಬಿಡುವವಳಂತೆ ದಬ್ಬತೊಡಗಿದಳು. ನೋಡಿದವರು ನಕ್ಕರು. ಅವಳು ದಬ್ಬುತ್ತಲೇ ಇದ್ದಳು. ಆಮೇಲೆ ಭುಜ ಇಳಿಬಿಟ್ಟು ವಾಪಸು ಬಂದು, ನಮ್ಮ ಹುಡುಗಿಯರ ಸಾಲಿನಲ್ಲಿ ಕೂತು, ಇನ್ನೂ ಓಡುತ್ತಿದ್ದವಳಿಗೆ ಚಪ್ಪಾಳೆ ತಟ್ಟಿ ಹುರಿದುಂಬಿಸಿದಳು.

ಒಂದು ಅಂಕದಿಂದ ನಾವು ಸೋತೆವು. ನಾನು ಅವಳನ್ನು ಎತ್ತಿಕೊಂಡು ಕುಣಿಯುತ್ತಿದ್ದೆ. ಎದುರು ತಂಡದ ಶಿಕ್ಷಕಿ ಗಾಬರಿಯಾಗಿ ಬಂದು, "ಅಕ್ಕಾರ, ಗೆದ್ದಾವ್ರು ನಾವ್ರಿ," ಅಂದಳು.

"ಗೊತ್ತೈತ್ರಿ!" ಎಂದು ಕೂಗಿದೆ. ನಿಲ್ಲಿಸಬೇಕೆಂದು ನನಗೆ ಅನ್ನಿಸಲೇ ಇಲ್ಲ.

ಸಂಜೆ ಖಾನಾಪುರದ ಬಸ್ ನಿಲ್ದಾಣದಲ್ಲಿ ಅವಳ ತಾಯಿ ಕಾಯುತ್ತಿದ್ದಳು. ಮಗಳ ಮುಖವನ್ನೂ ನನ್ನ ಮುಖವನ್ನೂ ನೋಡಿ, "ಏನಾತ?" ಎಂದು ಅಳುಕುತ್ತಲೇ ಕೇಳಿದಳು.

"ಸೋತ್ವಿ," ಅಂದಳು ಹುಡುಗಿ. "ಹಸಿವಾಗೇತಿ ಅವ್ವಾ, ನಡಿ."