ಆಚೆ ಗುಡ್ಡದ ಟವರಿನ ಜೇನು

ಜೋಯಿಡಾ ಕಡೆಯ ಕಾಡಿನಲ್ಲಿ ಕೇಬಲ್ ಹೂಳಲು ನೆಲ ಅಗೆಯುವಂತಿಲ್ಲ. ಅದಕ್ಕೇ ಒಂದು ಗುಡ್ಡದ ಟವರಿನಿಂದ ಇನ್ನೊಂದಕ್ಕೆ ಲೇಸರ್ ಬೆಳಕಿನಲ್ಲಿ ಇಂಟರ್ನೆಟ್ ಕಳಿಸುವ ಪೆಟ್ಟಿಗೆಗಳನ್ನು ಕೂಡಿಸುವುದು ನಮ್ಮ ಕೆಲಸವಾಗಿತ್ತು. ಎರಡೂ ಪೆಟ್ಟಿಗೆಗಳು ಎದುರುಬದುರು ನೇರ ನೋಡಬೇಕು. ಕೂದಲೆಳೆಯಷ್ಟು ಸರಿದರೂ ಸಿಗ್ನಲ್ ಹೋಯಿತು. ಆ ಸಲ ಜೋಯಿಡಾ ತಾಲೂಕಿನದೇ ರಾಮನಗರದ ಕಡೆಯ ಟವರಿನಲ್ಲಿ ನಾನಿದ್ದೆ, ಕಣಿವೆಯ ಆಚೆ ನನ್ನ ಜೊತೆಗಾರ. ಮುಂಡಗೋಡದ ಹತ್ತಿರದ ಪಾಳಾ ಊರಿನವನು, ಆರು ವರ್ಷದಿಂದ ನನ್ನ ಜೋಡಿ.

ಬೆಳಿಗ್ಗೆ ಟವರ್ ಹತ್ತುವ ಮೊದಲು ಅವನು ವಾಕಿಟಾಕಿಯಲ್ಲಿ ಹೇಳಿದ: “ಇಲ್ಲಿ ಮ್ಯಾಲ ಹೆಜ್ಜೇನು ಕಟ್ಟೇತ್ರಿ. ತಗಿಯೋರು ನಾಳಿ ಬರ್ತಾರಂತ.”

“ನಾಳಿ ಮಂಜ ಬಿದ್ರ ಬೆಳಕ ದಾಟೂದಿಲ್ಲೋ. ಹುಷಾರಿಲೆ ಹತ್ತು, ಇವತ್ತ ಮುಗಿಸೂಣು,” ಎಂದೆ. ನಾನು ಹಿರಿಯ. ಅವನು ಹತ್ತಿದ.

ಹನ್ನೊಂದರ ಸುಮಾರಿಗೆ “ಸ್ವಲ್ಪ ಎಡಕ್ಕ… ಸಾಕ್ರಿ,” ಎಂದ. ನನ್ನ ಲ್ಯಾಪ್‌ಟಾಪಿನಲ್ಲಿ ಸಿಗ್ನಲ್ ಏರಿತು. ದುರ್ಬೀನಿಗೆ ಕಣ್ಣಿಟ್ಟರೆ ಅವನು ಎರಡೂ ಕೈ ಬೀಸುತ್ತಿದ್ದ. ಲಿಂಕ್ ಬಂದ ಖುಷಿ ಎಂದುಕೊಂಡು ನಾನೂ ಕೈ ಎತ್ತಿದೆ. ಆರೇಳು ಕಿಲೋಮೀಟರ್ ದೂರದಿಂದ ಜೇನು ಕಾಣುವುದಿಲ್ಲ. ವಾಕಿಟಾಕಿಯಲ್ಲಿ ಕರೆದೆ, ಉತ್ತರವಿಲ್ಲ. ಮತ್ತೆ ನೋಡಿದಾಗ ಸೊಂಟದ ಬೆಲ್ಟಿಗೆ ಜೋತುಬಿದ್ದಿದ್ದ, ಅಲುಗಾಡುತ್ತಿರಲಿಲ್ಲ.

ಜೀಪಿನಲ್ಲಿ ಕಣಿವೆ ಸುತ್ತಿ ಹೋಗಲು ಒಂದೂವರೆ ತಾಸು ಹಿಡಿಯಿತು. ಅಷ್ಟರಲ್ಲಿ ಹತ್ತಿರದ ಹಳ್ಳಿಯವರು ಹೊಗೆ ಹಾಕಿ ಅವನನ್ನು ಇಳಿಸಿದ್ದರು. ಮುಖ ಗುರುತು ಸಿಗುವಂತಿರಲಿಲ್ಲ. ದಾಂಡೇಲಿಯ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ನನ್ನ ತೊಡೆಯ ಮೇಲೆಯೇ ಅವನ ಉಸಿರು ನಿಂತಿತು.

ವಾರದ ನಂತರ ಬೇರೊಬ್ಬನನ್ನು ಕರೆದುಕೊಂಡು ಅದೇ ಟವರಿಗೆ ಹೋದೆ. ಜೇನು ತೆಗೆಸಿದ್ದರು. ಅವನು ಬಿಗಿದಿಟ್ಟ ಪೆಟ್ಟಿಗೆ ಒಂದಿಷ್ಟೂ ಸರಿದಿರಲಿಲ್ಲ. ಹೊಸಬನಿಗೆ ಮಾಡಲು ಕೆಲಸವೇ ಉಳಿದಿರಲಿಲ್ಲ.

ಪಾಳಾಕ್ಕೆ ಹೋದದ್ದು ಆಮೇಲೆ. ಅವನ ಹೆಂಡತಿ ಕಟ್ಟೆಯ ಮೇಲೆ ಕೂತಿದ್ದಳು.

“ಅಣ್ಣಾರ, ಜೇನು ಐತಿ ಅಂತ ನಿಮಗ ಮೊದಲ ಗೊತ್ತಿತ್ತೇನ್ರಿ?”

ಕಚೇರಿಯ ವರದಿಯಲ್ಲಿ ಗೊತ್ತಿರಲಿಲ್ಲ ಎಂದು ಬರೆದುಕೊಟ್ಟಿದ್ದೆ. ಅವಳೆದುರು ಆ ಮಾತು ಬಾಯಿಗೆ ಬರಲಿಲ್ಲ.

“ಗೊತ್ತಿತ್ತವ್ವಾ. ನಾನ ಹತ್ತು ಅಂದೆ.”

ಅವಳು ಅಳಲಿಲ್ಲ, ಬೈಯಲಿಲ್ಲ. ಕಟ್ಟೆಯಿಂದ ಎದ್ದಳು.

“ಖರೇ ಹೇಳಿದ್ರಿ, ಆತು. ಇನ್ನ ಈ ಮನಿಗಿ ಬರಬ್ಯಾಡ್ರಿ,” ಎಂದು ಒಳಗೆ ಹೋದಳು.

ಮರುದಿನ ಕಚೇರಿಗೆ ಹೋಗಿ ವರದಿಯನ್ನು ಇದ್ದದ್ದು ಇದ್ದ ಹಾಗೆ ತಿದ್ದಿ ಬರೆದೆ. ಕೆಲಸ ಹೋಯಿತು. ಈಗ ಹಳಿಯಾಳದಲ್ಲಿ ಮೊಬೈಲ್ ರಿಪೇರಿ ಮಾಡುತ್ತೇನೆ. ಮುಂಡಗೋಡದ ಬಸ್ಸು ಹತ್ತುವ ಧೈರ್ಯ ಇವತ್ತಿಗೂ ಬಂದಿಲ್ಲ.